ಸುನಿಯ ಕೈಗುಣ

ಆಗಸ್ಟ್ 21, ಸಂಜೆ 6.30

ಇವತ್ತಿಗೆ ಮೂವತ್ತು ದಿನ. ಜನನಿಗೆ ಒಂದೂ ಫಿಟ್ಸ್ ಇಲ್ಲ. ಟೀ ಎಲೆ ತೂಕದ ರಿಜಿಸ್ಟರ್ ಮುಗಿಸಿ ಫ್ಯಾಕ್ಟರಿಯಿಂದ ಬಂದರೆ ಅತ್ತೆ ಜಗಲಿಯಲ್ಲಿ ಶುರು ಮಾಡಿದ್ದರು, ಪಕ್ಕದ ಮನೆಯವರ ಹತ್ತಿರ. "ನಮ್ಮ ಸುನಿ ಕೈಗುಣ. ಅವಳು ಮದ್ದು ಕೊಟ್ಟ ಮೇಲೇ ಮಗೂಗೆ ನಿಂತದ್ದು."

ಸುನೀತಾ, ನನ್ನ ನಾದಿನಿ. ಬಿ.ಕಾಂ. ಮುಗಿಸಿ ಮನೆಗೆ ಬಂದದ್ದು ಹೊಸ ಮದ್ದಿನ ಪುಡಿ ಶುರುವಾದ ವಾರವೇ. ಮೂರು ವರ್ಷ ವಾಲ್‌ಪ್ರೊಯೇಟ್ ಸಿರಪ್ ಅಳೆದದ್ದು ನಾನು. ಲೆವೆಟಿರಾಸೆಟಂ ಕುಡಿಸಿ ಮಗಳಿಂದ ಕಚ್ಚಿಸಿಕೊಂಡದ್ದೂ ನಾನು. ಕೊಯಮತ್ತೂರು ಡಾಕ್ಟರ್ ಬರೆದ ಈ ಪುಡಿ, ಸ್ಟಿರಿಪೆಂಟಾಲ್, ಕೆಲಸ ಮಾಡಿತು ಅಂತ ಯಾರೂ ಹೇಳುವುದಿಲ್ಲ. ಆ ಹೆಸರಿಗೆ ನಾಲಿಗೆ ಹೊರಳಬೇಕಲ್ಲ. ಸುನಿ ಅನ್ನುವುದು ಸುಲಭ.

ರಾತ್ರಿ ಎಂಟರ ಡೋಸ್ ಕೊಡುವವಳು ನಾನೇ... ಅರ್ಧ ಗುಣವಾದರೂ ಈ ಕೈಗೆ ಬೇಡವೇ.

ಆಗಸ್ಟ್ 29

ಬೆಳಗಿನ ಡೋಸಿಗೆ ನಾನಿರುವುದಿಲ್ಲ. ಏಳೂವರೆಗೆ ಹೊರಡಬೇಕು. ಎಂಟಕ್ಕೆ ಫ್ಯಾಕ್ಟರಿ ಸಂಗು, ಅದೇ ಸೈರನ್, ಕೂಗುತ್ತದೆ, ಸುನಿ ಇಡ್ಲಿ ಇಟ್ಟು ಪುಡಿ ಕಲಸುತ್ತಾಳೆ. ನಮ್ಮೂರು ಕೂಕಲ್ತೊರೈಯಲ್ಲಿ ಗಡಿಯಾರ ನೋಡುವವರು ಯಾರು. ಮದ್ದು, ಸ್ಕೂಲು, ತೋಟ — ಎಲ್ಲ ಸಂಗಿಗೇ.

ರಾತ್ರಿ ಜನನಿ ನನ್ನ ಕೈ ತಳ್ಳಿದಳು. "ಸುನಿ ಅತ್ತೆ ಕೊಡಲಿ." ಸುನಿ ನಕ್ಕಳು. ಕೆಟ್ಟ ನಗುವಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು. ಬರೆದೇ ಬಿಡುತ್ತೇನೆ — ಫಿಟ್ಸ್ ನಿಂತ ಸಂತೋಷಕ್ಕಿಂತ, ಯಾರ ಕೈಯಲ್ಲಿ ನಿಂತಿತು ಅನ್ನುವ ಸಂಕಟವೇ ದೊಡ್ಡದಾಗಿದೆ. ಎಂಥ ತಾಯಿ ನಾನು.

ಸೆಪ್ಟೆಂಬರ್ 16, ಸಂಜೆ 7

ನಾಳೆಯಿಂದ ಮೂರು ದಿನ ಸಂಗು ಇಲ್ಲ. ಮೋಟಾರ್ ರಿಪೇರಿ. ನೋಟಿಸ್ ಟೈಪ್ ಮಾಡಿ ಬೋರ್ಡಿಗೆ ಅಂಟಿಸಿದ್ದು ನಾನೇ.

ಮನೆಗೆ ಬಂದರೆ ಅತ್ತೆ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುತ್ತಿದ್ದರು. ಜನನಿಗಲ್ಲ, ಸುನಿಗೆ. ಸಂಗಿನ ವಿಷಯ ಹೇಳದೆ ಒಳಗೆ ಹೋದೆ. ಬೆಳಗ್ಗೆ ಹೇಳಿದರಾಯಿತು.

ಸೆಪ್ಟೆಂಬರ್ 20, ಮಧ್ಯಾಹ್ನ 3

ಆಸ್ಪತ್ರೆಯಿಂದ ಬಂದೆವು. ಜನನಿ ಮಲಗಿದ್ದಾಳೆ.

ಹದಿನೇಳರ ಬೆಳಗ್ಗೆ ಹೇಳಲಿಲ್ಲ. ಗಂಡನಿಗೆ "ಮರೆತೆ" ಅಂದೆ. ಮರೆತಿರಲಿಲ್ಲ. ಚಪ್ಪಲಿ ಹಾಕುವಾಗ ಸುನಿ ಬಾಗಿಲಲ್ಲೇ ನಿಂತಿದ್ದಳು. ಒಂದು ದಿನ ಮದ್ದು ತಡವಾಗಲಿ, ಅತ್ತೆ ಅವಳನ್ನು ಒಂದು ಮಾತು ಅನ್ನಲಿ... ಅಷ್ಟೇ ಬೇಕಿತ್ತು ನನಗೆ.

ಮಂಜು ಕವಿದ ಬೆಳಗು, ಹೊತ್ತೇ ತಿಳಿಯಲಿಲ್ಲವಂತೆ. ಮಗು ಹಸಿವು ಅಂದಿತಂತೆ. "ಸಂಗು ಆಗಲಿ ಕಂದಾ, ಮದ್ದಿನ ಜೊತೆ ತಿನ್ನು" ಅಂದಳಂತೆ ಸುನಿ. ಗಂಟೆ ಹತ್ತು ದಾಟಿದೆ. ಜನನಿ ತಟ್ಟೆಯ ಮುಂದೆಯೇ ಬಿದ್ದಳು. ಫಿಟ್ಸಿಗೆಂದೇ ಇಟ್ಟ ಸ್ಪ್ರೇ ಮೂಗಿಗೆ ಹೊಡೆದರೂ ನಿಲ್ಲಲಿಲ್ಲ. ಕೋತಗಿರಿಗೆ ಜೀಪಿನಲ್ಲಿ. ಫಿಟ್ಸ್ ಒಟ್ಟು ಇಪ್ಪತ್ತೆರಡು ನಿಮಿಷ. ಡೋಸ್ ತಡವಾದದ್ದರಿಂದಲೇ ಇರಬಹುದು, ಖಚಿತವಾಗಿ ಹೇಳಲಾಗದು ಅಂದರು ಡಾಕ್ಟರ್.

ನನಗೆ ಖಚಿತ.

ಸೆಪ್ಟೆಂಬರ್ 23, ಬೆಳಗ್ಗೆ 10

ಜನನಿ ಎದ್ದು ಕೂತು ರಸಂ ಅನ್ನ ತಿಂದಳು. ಬಲಗೈ ಇನ್ನೂ ಸೋಲುತ್ತದೆ, ಚಮಚ ನಿಲ್ಲುವುದಿಲ್ಲ. ಅತ್ತೆ ಸುನಿಯ ಜೊತೆ ಮಾತು ಬಿಟ್ಟು ಆರು ದಿನ.

"ಇನ್ನು ನೀವೇ ಕೊಡಿ ಅಣ್ಣಿ" ಅಂದಳು ಸುನಿ. ಅತ್ತಿಗೆಗೆ ಇಲ್ಲಿ ಅಣ್ಣಿ. "ನಂಗೆ ಆ ಪುಡಿ ಮುಟ್ಟೋಕೂ ಆಗಲ್ಲ. ನಾಳೆ ಕೊಯಮತ್ತೂರಿಗೆ ಹೋಗಿಬಿಡ್ತೀನಿ."

ಬೇಡಿದ್ದೇ ಸಿಕ್ಕಿತು.

ಎದುರಿಗೇ ಕೂತು ಬಟ್ಟೆ ಮಡಚುತ್ತಿದ್ದಾಳೆ. "ಅದೇನು ಬರೀತಾನೇ ಇರ್ತೀರಿ?" ಅಂದಳು. ಗುಂಡ್ಲುಪೇಟೆಯಿಂದ ಬಂದ ನನ್ನನ್ನು ಬಿಟ್ಟರೆ ಈ ಮನೆಯಲ್ಲಿ ಕನ್ನಡ ಓದುವವರಿಲ್ಲ. ಮಾತು ತಿಳಿದರೂ ಅಕ್ಷರ ಬಾರದು, ಎಲ್ಲರದೂ ತಮಿಳು ಸ್ಕೂಲು. ಆ ಧೈರ್ಯಕ್ಕೇ ಇಷ್ಟು ಬರೆದೆ.

"ಜನನಿ ವಿಷಯ" ಅಂದೆ.

"ಹಾಗಾದರೆ ಓದಿ ಅಣ್ಣಿ. ಹೋಗೋ ಮುಂಚೆ ಕೇಳ್ತೀನಿ."

ಮಡಚುವುದನ್ನು ನಿಲ್ಲಿಸಿ ಕಾಯುತ್ತಿದ್ದಾಳೆ. ಒಂದು ಒಳ್ಳೆಯ ಪುಟ ಓದಿ ತಪ್ಪಿಸಿಕೊಳ್ಳಬಹುದು ಅಂತ ಹುಡುಕಿದೆ. ಒಂದೂ ಇಲ್ಲ.

"ಅಣ್ಣಿ?"

ಹದಿನಾರನೇ ತಾರೀಖಿನ ಪುಟ ತೆಗೆದಿಟ್ಟಿದ್ದೇನೆ, ಸಂಗು ಇಲ್ಲ ಅಂತ ಬರೆದದ್ದು. ಓದುತ್ತೇನೆ.