ಅಣಬೆಯ ಕೆಳಗಿನ ವೀಳ್ಯದೆಲೆ

ಬ್ಯಾಂಕಾಕ್, ಮಂಗಳವಾರ

ಅಕ್ಕಾ,

ಎಲೆ ವ್ಯಾಪಾರಿ ಅಯಾಜ್ ನಿನ್ನೆ ಇಲ್ಲಿನ ದೊಡ್ಡ ಫ್ರೆಂಚ್ ಹೋಟೆಲಿಗೆ ಕರೆದೊಯ್ದ. ತಾಟು ಹೊಲದಷ್ಟು, ಊಟ ಕಾಳಷ್ಟು! ಒಂಟಿ ಅಣಬೆಯ ಕೆಳಗೆ, ನಾವು ಮಾದರಿಗೆಂದು ತಂದ ಸವಣೂರಿನ ವೀಳ್ಯದೆಲೆ ಹಾಸಿದ್ದರು. ರೂಢಿಯಂತೆ ಎಲೆ ಎಳೆದು, ಅಂಗಿಗೆ ಒರೆಸಿ, ತೊಟ್ಟು ಚಿವುಟಿ ಬಾಯಿಗಿಟ್ಟೆ.

“ಅಣ್ಣಾರ, ಅದನ್ನ ಚಂದಕ್ಕ ಇಟ್ಟಾರ್ರಿ! ಮಂದಿ ನೋಡಾಕತ್ತಾರ!” ಎಂದು ಅಯಾಜ್ ನನ್ನ ಕಾಲು ತುಳಿದ.

ಅಷ್ಟರಲ್ಲಿ ದೊಡ್ಡ ಬಾಣಸಿಗನೇ ಬಂದು, ನನ್ನಂತೆ ಒಂದೆಲೆ ಒರೆಸಿ, ಚಿವುಟಿ, ಅಗಿದ. ಎಲೆಯ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ನಮ್ಮ ಎಲೆ ಕೊಳ್ಳುವುದೋ ಬಿಡುವುದೋ ಮಳೆಗಾಲಕ್ಕೆ ಮೊದಲು ತಿಳಿಸುತ್ತಾನಂತೆ. ಅಲ್ಲಿಯತನಕ ಮಾವ ಎಲೆಬಳ್ಳಿ ಕಿತ್ತು ಗೋವಿನಜೋಳ ಹಾಕದಂತೆ ನೋಡಿಕೋ. ನನಗಂತೂ ಕುಂತಲ್ಲಿ ಕೂರಲಾಗುತ್ತಿಲ್ಲ. ಹಸಿವೊಂದು ಬಿಟ್ಟರೆ ಆರೋಗ್ಯ ಚಲೋ. ಮಾವನಿಗೆ ಇಷ್ಟು ಹೇಳು: ಬಾಣಸಿಗ ಕಣ್ಣೊರೆಸಿಕೊಂಡು ಎರಡನೇ ಎಲೆಗೆ ಕೈ ಹಾಕಿದ.

ನಿನ್ನ ಫಕ್ಕೀರೇಶ