ಓಡಿಹೋಗಿಲ್ಲ, ಬಸ್ಸಿಗೆ ಹೋಗಿದ್ದೇನೆ

ಮಗನೇ,

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಬೆಕ್ಕು ಒಳಗೇ ಇದೆ, ಅಡುಗೆಮನೆ ಬಾಗಿಲು ಹಾಕಿಕೋ.

ನಾನು ಬೀಗ ರಿಪೇರಿಯವರ ಜೊತೆ ರಿಜಿಸ್ಟ್ರಾರ್ ಆಫೀಸಿಗೆ ಹೊರಟಿದ್ದೇನೆ. ನಮ್ಮ ಮದುವೆ ಇವತ್ತೇ. ಭಾನುವಾರಕ್ಕೆ ಹಾಲ್ ಬೇಡವೆಂದು ನೀನೇ ಹೇಳಿಬಿಡು, ವಾದ್ಯದವರಿಗೂ ಹೇಳು.

ಈ ವಯಸ್ಸಲ್ಲಿ ಇದೇನಮ್ಮ ಅಂದವನು ಕೊನೆಗೆ ಒಪ್ಪಿದೆ, ಸಂತೋಷ. ಆದರೆ ಒಪ್ಪಿದ ಮೇಲೆ ಮದುವೆಯನ್ನೇ ನನ್ನ ಕೈಯಿಂದ ಕಿತ್ತುಕೊಂಡೆಯಲ್ಲೋ! ವೇದಿಕೆಯ ಎತ್ತರ ನಿನ್ನ ಮಾವನನ್ನು ಕೇಳಿದೆ, ನನ್ನ ಸೀರೆಯ ಬಣ್ಣ ನಿನ್ನ ಹೆಂಡತಿಯನ್ನು ಕೇಳಿದೆ. ಇವರು ಮೊದಲಿನಿಂದಲೂ "ಸುಮ್ಮನೆ ಹೋಗಿ ಮಾಡಿಕೊಂಡು ಬರೋಣ" ಅನ್ನುತ್ತಿದ್ದರು. ತಿಂಗಳ ಹಿಂದೆಯೇ ಆಫೀಸಿಗೆ ನೋಟಿಸ್ ಕೊಟ್ಟಿದ್ದರೂ ನಿನ್ನ ಮುಖ ನೋಡಿ ನಾನೇ ತಡೆದಿದ್ದೆ.

ನಿನ್ನೆ ಆಮಂತ್ರಣ ನೋಡಿದೆ. ಮನೆಮಂದಿಯ ಹೆಸರೆಲ್ಲ ಇದೆ, ಮದುಮಗಳ ಜಾಗದಲ್ಲಿ ಮಾತ್ರ 'ನಮ್ಮ ತಾಯಿಯವರು' ಅಂತಿದೆ. ನನಗೂ ಒಂದು ಹೆಸರಿದೆ ಕಣೋ. ನಿಮ್ಮಪ್ಪನ ಜೊತೆ ಮದುವೆಯಾದಾಗ ಹೆಬ್ಬೆಟ್ಟು ಒತ್ತಿಸಿಕೊಂಡರು, ಯಾರೂ ಏನೂ ಕೇಳಲಿಲ್ಲ. ರಾತ್ರಿ ಶಾಲೆಗೆ ಹೋಗಿ ಆ ಹೆಸರು ಬರೆಯಲು ಕಲಿಯುವಷ್ಟರಲ್ಲಿ ನನ್ನ ಕೂದಲೆಲ್ಲ ಬೆಳ್ಳಗಾಯಿತು. ಪಕ್ಕದ ಬೆಂಚಿನಲ್ಲಿ ಇವರೂ ನನ್ನ ಹಾಗೇ ಅಕ್ಷರ ತಿದ್ದುತ್ತಿದ್ದರು. ಈ ಸಲ ನಾನೇ ಬರೆಯುತ್ತೇನೆ.

"ಓಡಿಹೋದಳು ಅಂತಾರಮ್ಮ ಜನ" ಎಂದು ಮುಖ ಊದಿಸಬೇಡ. ಮಂಡಿನೋವಿನವಳು ಓಡಲಿಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದಳು ಅನ್ನು.

ಸಂಜೆ ಇಬ್ಬರೂ ಬರುತ್ತೇವೆ. ಸಿಟ್ಟಿಗೆ ಬಾಗಿಲಿಗೆ ಬೀಗ ಜಡಿದೀಯೆ, ನನ್ನ ಜೊತೆ ಬರುವವರ ಕಸುಬು ಏನೆಂದು ನೆನಪಿರಲಿ.

ಹೆಸರನ್ನು ಅಲ್ಲಿ ಬರೆಯಲೆಂದು ಉಳಿಸಿಕೊಂಡಿದ್ದೇನೆ. ಇಲ್ಲಿಗೆ ಇಷ್ಟು ಸಾಕು,

ನಿನ್ನ ಅಮ್ಮ