ಇಂಜಿನ್ನಿಗೆ ಬಿದ್ದ ವಿಭೂತಿ

ಪುಣೆ, ಭವಾನಿ ಪೇಠ
೧೨ ನವೆಂಬರ್ ೧೯೩೮

ಮಾವನವರಾದ ಸಿದ್ದಲಿಂಗಪ್ಪನವರಿಗೆ ಅಳಿಯ ಮಲಕಪ್ಪನ ಶರಣುಗಳು.

ಮಹಾನವಮಿಯ ದಿನ, ನಾನು ಪಡಸಾಲೆಯಲ್ಲಿ ಬಿಚ್ಚಿಟ್ಟಿದ್ದ ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ನಿಗೆ ಯಾರೋ ವಿಭೂತಿ ಹಚ್ಚಿ ಪೂಜೆ ಮಾಡಿದ್ದರು. ಪುಡಿ ಸಿಲಿಂಡರಿನೊಳಗೆ ಉದುರಿದ್ದು ತಿಳಿಯದೆ ಜೋಡಿಸಿದೆ. ಗಾಡಿ ಶುರು ಮಾಡಿದೊಡನೆ ಒಳಗೆಲ್ಲ ಗೀರು ಬಿತ್ತು. ಇದು ನಿಮ್ಮ ಮಗಳು ಕಾಶವ್ವನ ಕೆಲಸವೆಂದು ಓಣಿಯವರ ಮುಂದೆಯೇ ಹೊಡೆದು, ನಿಮ್ಮಲ್ಲಿಗೆ ಕಳಿಸಿದೆ.

ನಿನ್ನೆ ನಮ್ಮವ್ವ ತಾನಾಗಿಯೇ, "ವಿಭೂತಿ ಹಚ್ಚಿದಾಕಿ ನಾನಪಾ. ಆಕಿ ಬ್ಯಾಡಂದಿದ್ಲು," ಎಂದಳು. ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಹಡೆದವ್ವನ ತಪ್ಪನ್ನು ಓಣಿಯಲ್ಲಿ ಸಾರುವುದು ನನ್ನಿಂದಾಗದು. ಅದು ಕಾಶವ್ವನ ಹೆಸರಿನಲ್ಲೇ ಇರಲಿ.

ಇಂಜಿನ್ ಮತ್ತೆ ಬಿಚ್ಚಿ, ಗೀರು ಹೋಗುವಂತೆ ಸಿಲಿಂಡರನ್ನು ಕೊರೆಸಿ ತಂದಿದ್ದೇನೆ. ಒಳಗಿನ ಗಾಲಿಗಳ ಯಾವ ಹಲ್ಲಿಗೆ ಯಾವ ಹಲ್ಲು ಕೂಡಬೇಕೆಂಬುದು ಮಾತ್ರ ನನಗೆ ತಿಳಿಯುತ್ತಿಲ್ಲ. ಹೋದ ಸಲ ಬಿಚ್ಚುವಾಗ ಕಾಶವ್ವನೇ ನೋಡಿಟ್ಟುಕೊಂಡು, ಜೋಡಿಸುವಾಗ ಹೇಳಿದ್ದಳು. ಆಕೆಯನ್ನು ಕೇಳಿ ಬೇಗ ಬರೆಯಿರಿ. ಆಕೆ ಬರುವುದು ಬೇಡ, ಒಂದು ಕಾರ್ಡು ಸಾಕು.

ನನ್ನ ಹೊಡೆತಕ್ಕೆ ಆಕೆಯ ಎಡಗಿವಿ ಕೇಳಿಸದಂತಾಗಿದೆ ಎಂದು ಬರೆದಿದ್ದಿರಿ. ಬಲಗಡೆ ಕುಳಿತು ಕೇಳಿರಿ.

ನಿಮ್ಮ ಅಳಿಯ,
ಮಲಕಪ್ಪ